ತಾಳ, ತಂತಿ, ಲಸಾಅ: ಗಣಿತದ ಪಿರಿಯಡ್‌ನ್ಯಾಗ ಸಂಗೀತ ತರೋದು ಹೆಂಗ

ಮೊದ್ಲ ಒಂದ್ ಮಾತು ಹೇಳಿಬಿಡ್ತೀನ್ರಿ, ಈ ಪಾಠಾನ ಬೋರ್ಡಿನಿಂದ ಶುರು ಮಾಡಬ್ಯಾಡ್ರಿ. ನಾನು ಮೊದಲ್ನೇ ಸಲ ಮಾಡಿದಾಗ ಬೋರ್ಡ್ ಮ್ಯಾಲ "ಗಣಿತ ಮತ್ತು ಸಂಗೀತ" ಅಂತ ದೊಡ್ಡದಾಗಿ ಬರದು, ಕೆಳಗ ತಾಳ, ಮಾತ್ರೆ, ಭಿನ್ನರಾಶಿ ಅಂತ ಬಾಣ ಎಳದು ವಿವರಿಸಾಕ ಹೋದೆ, ಐದ ನಿಮಿಷಕ್ಕ ಹಿಂದಿನ ಬೆಂಚು ಕಿಟಕಿ ಕಡೆ ನೋಡಾಕತ್ತಿತ್ತು. ಅದ ಹಿಂದಿನ ಬೆಂಚಿನ ಹುಡುಗ ಒಬ್ಬಾಂವ ಮೊಹರಂದಾಗ ಅಲಾಯಿ ಕುಣಿ (ಬೆಂಕಿ ಹಾಕೋ ಗುಂಡಿ) ಮುಂದ ಹಲಗಿ ಬಾರಿಸೋದು ನಾನು ನೋಡೀನಿ, ಅಷ್ಟೂ ಮಂದಿ ಹೆಜ್ಜಿ ಅವನ ಕೈ ಮ್ಯಾಲ ನಡೀತಿತ್ತು, ಒಂದ್ ಪೆಟ್ಟು ತಪ್ಪಿರಲಿಲ್ಲ. ಕ್ಲಾಸಿನ್ಯಾಗ ಅವಗ 3 ಮತ್ತ 4ರ ಲಸಾಅ (ಲಘುತಮ ಸಾಮಾನ್ಯ ಅಪವರ್ತ್ಯ, ಅಂದ್ರ ಎರಡರಿಂದಲೂ ಭಾಗ ಹೋಗೋ ಎಲ್ಲಾಕ್ಕಿಂತ ಸಣ್ಣ ಸಂಖ್ಯೆ) ಎಷ್ಟಪಾ ಅಂದ್ರ ತಲಿ ಕೆಳಗ ಹಾಕ್ತಿದ್ದ. ಅವಗ ಗಣಿತ ಬರಂಗಿಲ್ಲ ಅಂತಲ್ಲ, ಕೈಗೆ ಗೊತ್ತಿರೋದು ಇನ್ನಾ ನೋಟ್‌ಬುಕ್ಕಿಗೆ ಇಳಿದಿಲ್ಲ. ಅದಕ್ಕ ನಾನು ಈಗ ಮೊದ್ಲ ಕೈ, ಆಮ್ಯಾಲ ಬಾಯಿ, ಕಡೀಗೆ ಬೋರ್ಡು, ಈ ಕ್ರಮ ಬಿಡಂಗಿಲ್ಲ.

ನಾನು ಇರೋದು ಕೊಪ್ಪಳ ಜಿಲ್ಲಾ, ಗಂಗಾವತಿ ಕಡೆ. ನಮ್ ಕಡೆ ಮಕ್ಳು ಭಜನಿ, ಮೊಹರಂ ಪದ, ಡೊಳ್ಳು, ಕೋಲಾಟ ಇವೆಲ್ಲಾ ಕೇಳ್ಕೋತ ಬೆಳೆದಿರ್ತಾವ, ಹಂಗಾಗಿ ನಿಮಗ ಸಂಗೀತ ಬರಬೇಕಂತ ಏನಿಲ್ಲ, ಮಕ್ಳಿಗೆ ಬರ್ತೈತಿ, ಅವರಿಂದ ಇಸ್ಕೋರಿ. ಕೆಳಗ ಬರದಿದ್ದು 6ನೇ ಕ್ಲಾಸಿಂದ 10ರ ತನಕ ಹೊಂದ್ತೈತಿ, ಯಾವ್ದು ಯಾವ ಕ್ಲಾಸಿಗೆ ಅಂತ ಅಲ್ಲಲ್ಲೇ ಹೇಳ್ತೀನಿ. ಎಲ್ಲಾ ಒಂದ ವಾರದಾಗ ಮಾಡಾಕ ಹೋಗಬ್ಯಾಡ್ರಿ, ತಿಂಗಳಿಗೆ ಎರಡು ಪಿರಿಯಡ್ ಸಾಕು.

ಮೊದಲ ಹಂತ: ಎರಡು ಗುಂಪು, ಎರಡು ಚಪ್ಪಾಳೆ

ಸಾಮಾನು ಏನೂ ಬ್ಯಾಡ. ಕ್ಲಾಸನ್ನ ಎರಡು ಗುಂಪು ಮಾಡ್ರಿ. ಎಲ್ಲಾರು ಒಂದೇ ವೇಗದಾಗ ಜೋರಾಗಿ ಎಣಿಸ್ಬೇಕು, ಸೊನ್ನೆ, ಒಂದು, ಎರಡು, ಮೂರು ಅಂತ. ಸೊನ್ನೆಗೆ ಎರಡೂ ಗುಂಪು ಕೂಡಿ ಚಪ್ಪಾಳಿ ಹೊಡೀಬೇಕು, ಆಮ್ಯಾಲ ಎಡಗಡೆ ಗುಂಪು ಪ್ರತಿ 3ಕ್ಕ, ಬಲಗಡೆ ಗುಂಪು ಪ್ರತಿ 4ಕ್ಕ. ಎಡದವರದು 3, 6, 9, 12, ಬಲದವರದು 4, 8, 12. ಹನ್ನೆರಡಕ್ಕ ಎರಡೂ ಗುಂಪಿನ ಚಪ್ಪಾಳಿ ಒಮ್ಮಿಗೇ ಬಿದ್ದಾಗ ಗ್ವಾಡಿ ನಡುಗಿದಂಗ ಆಗ್ತೈತಿ, ಆ ಸಪ್ಪಳಾನ ಲಸಾಅ. ಹೆಸರು ಆಗ ಹೇಳ್ರಿ, ಮೊದ್ಲಲ್ಲ.

ಸೊನ್ನೆಯಿಂದ ಎಣಿಸ್ರಿ ಅಂದಿದ್ದಕ್ಕ ಕಾರಣ ಐತಿ. ಒಂದರಿಂದ ಶುರು ಮಾಡಿ ಒಂದಕ್ಕ ಕೂಡಿ ಹೊಡೆದ್ರ ಮುಂದ ಕೂಡೋದು 13ಕ್ಕ, ಆವಾಗ ಮಕ್ಳು "ಸರ್ ಉತ್ರ 13 ಬಂತು" ಅಂತಾರ. ತಬಲಾ ಬಾರಿಸೋರು ಯಾವಾಗ್ಲೂ ಒಂದರಿಂದ ಎಣಿಸ್ತಾರ, ಗಣಿತದ ಸಂಖ್ಯಾರೇಖೆ ಸೊನ್ನೆಯಿಂದ ಹೊಂಡ್ತೈತಿ, ಈ ಎರಡರ ನಡುವಿನ ಫರಕು ಬಾಳ ಮುಖ್ಯ ಐತ್ರಿ, ಯಾಕಂದ್ರ "ಎಷ್ಟನೇ ಪೆಟ್ಟು" ಅನ್ನೋದು ಬ್ಯಾರೆ, "ಎಷ್ಟು ಪೆಟ್ಟಿನ ಅಂತರ" ಅನ್ನೋದು ಬ್ಯಾರೆ. ಹೊಲಕ್ಕ ಬೇಲಿ ಹಾಕುವಾಗ ಕಂಬ ಎಷ್ಟು, ಕಂಬದ ನಡುವಿನ ಜಾಗ ಎಷ್ಟು ಅನ್ನೋ ಲೆಕ್ಕನೂ ಇದ. 8ನೇ ಕ್ಲಾಸಿನವರಾದ್ರ ಒಂದ್ಸಲ ಬೇಕಂತಲೇ ಒಂದರಿಂದ ಮಾಡಿಸ್ರಿ, 13 ಯಾಕ ಬಂತು ಅಂತ ಅವರ ಜಗಳ ಮಾಡಿ ಬಗಿಹರಸ್ಕೊಳ್ಳಿ, ನೀವು ನಡುವ ಬಾಯಿ ಹಾಕಬ್ಯಾಡ್ರಿ.

ಆಮ್ಯಾಲ 4 ಮತ್ತ 6 ಕೊಡ್ರಿ, ಮೊದ್ಲ ಊಹೆ ಕೇಳ್ರಿ. ಬಾಳ ಮಂದಿ 24 ಅಂತಾರ, 4 ಆರಲೆ 24 ಅಂತ. ಹೊಡೆದು ನೋಡಿದ್ರ 12ಕ್ಕ ಕೂಡಿಬಿಡ್ತಾವ. 3ಕ್ಕ 4 ಗುಣಿಸಿದ್ರ ಸರಿ ಬಂತು, 4ಕ್ಕ 6 ಗುಣಿಸಿದ್ರ ಯಾಕ ಸರಿ ಬರಲಿಲ್ಲ? ಇಲ್ಲಿ ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ) ತಾನ ಎದ್ದು ಬರ್ತೈತಿ, 4 ಮತ್ತ 6ರ ಒಳಗ 2 ಇಬ್ಬರಿಗೂ ಸೇರಿದ್ದು, 24ನ್ನ ಆ 2ರಿಂದ ಭಾಗಿಸಬೇಕು. 5 ಮತ್ತ 7 ಕೊಟ್ರ 35ರ ತನಕ ಕಾಯಬೇಕು, ಮಕ್ಳು ಕೈ ನೋವು ಅಂತಾವ ಆದ್ರೂ ಬಿಡಂಗಿಲ್ಲ.

ಬಾಜೂ ಕ್ಲಾಸಿನವರಿಗೆ ತ್ರಾಸು ಆಗ್ತೈತಿ ಅಂದ್ರ ಪೂರಾ ಚಪ್ಪಾಳಿ ಬ್ಯಾಡ, ಎರಡು ಬೆರಳಿನಿಂದ ಅಂಗೈ ಮ್ಯಾಲ ಹೊಡಿಸ್ರಿ. ಕಿವಿ ಕೇಳಿಸದ ಮಗು ಕ್ಲಾಸಿನ್ಯಾಗ ಇದ್ರ ಡೆಸ್ಕಿನ ಮ್ಯಾಲ ಹೊಡಿಸ್ರಿ, ಅಂಗೈ ಡೆಸ್ಕ್ ಮ್ಯಾಲ ಇಟ್ಟು ಕೂತ್ರ ನಡುಕ ತಿಳೀತೈತಿ, ಅದೂ ಎಲ್ಲಾರ ಜೋಡಿ ಲೆಕ್ಕದಾಗ ಸೇರ್ತೈತಿ.

ಎರಡನೇ ಹಂತ: ತಾಳದ ಒಳಗ ಬೀಜಗಣಿತ

ಇದು ನಂಗ ಭಾಳ ಪ್ರೀತಿಯ ಪಾಠ, ಅದಕ್ಕ ಸ್ವಲ್ಪ ಉದ್ದ ಬರೀತೀನಿ.

ಭಜನಿ ಮನಿಯಾಗ ತಬಲಾದ ಮ್ಯಾಲ ಹೆಚ್ಚು ಕೇಳೋದು ಕೆಹರವಾ, 8 ಮಾತ್ರೆ (ಮಾತ್ರೆ ಅಂದ್ರ ತಾಳದ ಒಂದು ಎಣಿಕೆ), ಧಾ ಗೆ ನಾ ತಿ ನ ಕ ಧಿ ನ. ದಾದರಾ 6 ಮಾತ್ರೆ, ಧಾ ಧಿ ನಾ ಧಾ ತಿ ನಾ. ರೂಪಕ 7, ಮೂರು ಎರಡು ಎರಡು ಅಂತ ಒಡೀತೈತಿ. ತೀನ್‌ತಾಲ 16, ನಾಕ ನಾಕರ ನಾಕು ತುಂಡು. ಇಷ್ಟು ಮಕ್ಕಳ ಬಾಯಿಗೆ ಬರಿಸಿ ಕೈ ಹಾಕಿಸ್ರಿ. 7ನ್ನ ಎಷ್ಟು ನಮೂನಿ ಒಡೀಬಹುದು, 3+4, 2+2+3, 3+2+2 ಅಂತ ಒಂದೊಂದಾಗಿ ಹೊಡೆದು ನೋಡ್ರಿ, ಕೂಡಿಸಿದ್ರ ಎಲ್ಲಾ 7 ಆದ್ರೂ ಕಿವಿಗೆ ಒಂದೊಂದರ ನಡಿಗಿ ಬ್ಯಾರೆ ಇರ್ತೈತಿ. 6ನೇ ಕ್ಲಾಸಿಗೆ ಇಷ್ಟ ಸಾಕು.

8, 9ನೇ ಕ್ಲಾಸಿಗೆ ಸುಳಾದಿ ತಾಳ ತಗೋರಿ. ಸುಳಾದಿ ಅಂದ್ರ ದಾಸರ ಹಾಡಿನ ಒಂದು ಬಗಿ, ನಮ್ಮ ರಾಯಚೂರು ಸೀಮಿಗೆ ಹೊಸ ಮಾತಲ್ಲ, ಮಾನ್ವಿ ತಾಲೂಕಿನ ಚೀಕಲಪರ್ವಿಯ ವಿಜಯದಾಸರು ಸುಳಾದಿಗೇ ಹೆಸರಾದವರು, ಸುಳಾದಿಯೊಳಗ ಒಂದೊಂದು ನುಡಿಗೆ ಒಂದೊಂದು ತಾಳ ಬರ್ತೈತಿ. ಈ ಏಳು ತಾಳಕ್ಕ ಮೂರೇ ಮೂರು ಇಟ್ಟಂಗಿ: ಅನುದ್ರುತ ಅಂದ್ರ 1 ಎಣಿಕೆ, ದ್ರುತ ಅಂದ್ರ 2, ಲಘು ಅಂದ್ರ... ಅಲ್ಲೇ ಐತ್ರಿ ಮಜಾ, ಲಘು ಒಂದ ಸಂಖ್ಯೆ ಅಲ್ಲ, ತಾಳದ ಜಾತಿ (ಅಂದ್ರ ಲಘುವಿನ ಉದ್ದದ ನಮೂನಿ) ಬದಲಾದಂಗ 3, 4, 5, 7, 9 ಹಿಂಗ ಬದಲಾಗ್ತೈತಿ. ಬದಲಾಗೋ ಸಂಖ್ಯೆಗೆ ಗಣಿತದಾಗ ಏನಂತೀವಿ? ಚರಾಕ್ಷರ. ಲಘುವನ್ನ ಕ್ಷ ಅಂತ ಕರೀರಿ.

ಧ್ರುವ ತಾಳ ಅಂದ್ರ ಲಘು, ದ್ರುತ, ಲಘು, ಲಘು, ಅಂದ್ರ 3ಕ್ಷ + 2. ಮಠ್ಯ ಅಂದ್ರ ಲಘು, ದ್ರುತ, ಲಘು, ಅಂದ್ರ 2ಕ್ಷ + 2. ರೂಪಕ (ಕರ್ನಾಟಕ ಪದ್ಧತಿದು, ಮ್ಯಾಲಿನ 7 ಮಾತ್ರೆದ್ದಲ್ಲ) ಕ್ಷ + 2. ಝಂಪೆಯೊಳಗ ಲಘು, ಅನುದ್ರುತ, ದ್ರುತ, ಹಂಗಾಗಿ ಕ್ಷ + 3. ತ್ರಿಪುಟ ಅಂದ್ರ ಲಘು ಮತ್ತ ಎರಡು ದ್ರುತ, ಕ್ಷ + 4. ಅಟ್ಟ ಅಂದ್ರ ಎರಡು ಲಘು ಎರಡು ದ್ರುತ, 2ಕ್ಷ + 4. ಏಕ ತಾಳ ಬರೇ ಕ್ಷ.

ಈಗ ಮಕ್ಳಿಗೆ ಕೋಷ್ಟಕ ಹಾಕಾಕ ಹೇಳ್ರಿ, 7 ತಾಳ ಅಡ್ಡಕ್ಕ, 5 ಜಾತಿ ಉದ್ದಕ್ಕ, 35 ಖಾನೆ. ಎಲ್ಲಾ ತುಂಬಿಸಿದ ಮ್ಯಾಲ ಪ್ರಶ್ನೆ ಕೇಳ್ರಿ. ಎಲ್ಲಾಕ್ಕಿಂತ ಉದ್ದ ತಾಳ ಯಾವ್ದು? ಕ್ಷ 9 ಇದ್ದಾಗ ಧ್ರುವ, 29. ಎಲ್ಲಾಕ್ಕಿಂತ ಸಣ್ಣದು ಏಕ, 3. ಸಂಗೀತ ಕಲಿಯೋ ಮಕ್ಳಿಗೆ ಮೊದ್ಲ ಹೇಳ್ಕೊಡೋ ಆದಿ ತಾಳ ಎಲ್ಲಿ ಕೂತೈತಿ? ತ್ರಿಪುಟದಾಗ ಕ್ಷ 4 ಹಾಕಿದ್ರ 8, ಅದ ಆದಿ ತಾಳ. ಈ 8 ಇನ್ನೂ ಎರಡು ಕಡೆ ಸಿಗ್ತೈತಿ, ಹುಡುಕ್ರಿ ಅನ್ರಿ: ಮಠ್ಯದಾಗ ಕ್ಷ 3, ಝಂಪೆಯೊಳಗ ಕ್ಷ 5. ಹಂಗ 14 ಎಣಿಕೆ ಎರಡು ಕಡೆ ಬರ್ತೈತಿ, ಧ್ರುವದಾಗ ಕ್ಷ 4, ಅಟ್ಟದಾಗ ಕ್ಷ 5. ಮತ್ತ 10 ಎಣಿಕೆ ಮೂರು ಕಡೆ, ಮಠ್ಯದಾಗ 4, ಝಂಪೆಯೊಳಗ 7, ಅಟ್ಟದಾಗ 3. ಹುಡುಕಾಕ ಮಕ್ಳು 2ಕ್ಷ + 4 = 10 ಅಂತ ಬರದು ಬಿಡಿಸ್ತಾವ, ಅದು ಸರಳ ಸಮೀಕರಣ ಅಂತ ಯಾರೂ ಹೇಳಿರಂಗಿಲ್ಲ. ಉತ್ತರ ಬಂದ ಕೂಡ್ಲೆ ಎದ್ದು ನಿಂತು ಆ ತಾಳ ಹಾಕಿ ತೋರಿಸ್ಬೇಕು, ಹಾಕಾಕ ಬಂದ್ರ ಉತ್ತರ ಸರಿ, ತಾಳೆ ನೋಡೋದು ಅಂದ್ರ ಇದ.

ಬಿಡಿಸಿದ ಮ್ಯಾಲ ಕ್ಷ 6 ಬಂದ್ರ ಏನು ಅಂತ ಒಂದು ಪ್ರಶ್ನೆ ಎದ್ದ ಏಳ್ತೈತಿ. ಸಮೀಕರಣಕ್ಕ ಉತ್ತರ ಐತಿ, ತಾಳಕ್ಕ ಆ ಜಾತಿ ಇಲ್ಲ. ಗಣಿತದ ಉತ್ತರ ಎಲ್ಲಾ ಹೊರಗಿನ ಜಗತ್ತಿನ್ಯಾಗ ನಡಿಯಂಗಿಲ್ಲ ಅನ್ನೋದನ್ನ ಇಷ್ಟು ಸಲೀಸಾಗಿ ಹೇಳೋ ಉದಾಹರಣೆ ನನಗ ಬ್ಯಾರೆ ಸಿಕ್ಕಿಲ್ಲ.

ತಬಲಾ ಬಲ್ಲ ಹುಡುಗ ಇದ್ರ ತಿಹಾಯಿ ಕೇಳ್ರಿ. ಒಂದ ತುಂಡನ್ನ ಮೂರು ಸಲ ಬಾರಿಸಿ, ಕಡೀ ಪೆಟ್ಟು ಸಮಕ್ಕ, ಅಂದ್ರ ಮುಂದಿನ ಸುತ್ತಿನ ಒಂದನೇ ಮಾತ್ರೆಗೆ ಬೀಳಬೇಕು. ಮಾತ್ರೆಗೊಂದು ಪೆಟ್ಟು ಅಂತ ಹಿಡಿದು ತೀನ್‌ತಾಲದಾಗ ಸಮದಿಂದಲೇ ಶುರು ಮಾಡಿದ್ರ ಒಟ್ಟು 17 ಜಾಗ. ತುಂಡಿನ ಉದ್ದ ಅ, ನಡುವಿನ ಬಿಡುವು ಬ ಆದ್ರ 3ಅ + 2ಬ = 17. ಅ 5 ಬ 1, ಅ 3 ಬ 4, ಅ 1 ಬ 7, ಪೂರ್ಣ ಸಂಖ್ಯೆಯೊಳಗ ಮೂರೇ ಉತ್ತರ, ಅ ಸಮಸಂಖ್ಯೆ ಯಾಕ ಆಗಂಗಿಲ್ಲ ಅಂತ ಕೇಳಿ ಸುಮ್ನಾಗ್ರಿ.

ಮೂರನೇ ಹಂತ: ತಂತಿ ಕಟ್ಟೋದು

ಇದಕ್ಕ ಸ್ವಲ್ಪ ತಯಾರಿ ಬೇಕು. ನಾಕು ಫೂಟಿನ ಒಂದು ಹಲಗಿ (ಕಟಿಗಿ ಹಲಗಿ, ಬಾರಿಸೋದಲ್ಲ), ಗಿಟಾರಿನ ಅಗದಿ ಸಣ್ಣ ಸ್ಟೀಲ್ ತಂತಿ ಒಂದು, ಒಂದು ಮೊಳೆ, ಮೂರು ತ್ರಿಕೋನ ಕಟಿಗಿ ತುಂಡು, ಮೀಟರ್ ಸ್ಕೇಲು, 5 ಲೀಟರಿನ ಖಾಲಿ ಎಣ್ಣಿ ಕ್ಯಾನು. ಹಲಗಿಯ ಒಂದು ತುದಿಗೆ ಮೊಳೆ ಹೊಡದು ತಂತಿ ಕಟ್ರಿ, ಇನ್ನೊಂದು ತುದಿ ಡೆಸ್ಕಿನ ಅಂಚಿಂದ ಕೆಳಗ ಇಳಿಬಿಟ್ಟು ಕ್ಯಾನಿಗೆ ಕಟ್ರಿ, ತಂತಿ ಸಾಲದಿದ್ರ ತುದಿಗೆ ಗಟ್ಟಿ ದಾರ ಸೇರಿಸ್ರಿ. ಎರಡು ತ್ರಿಕೋನ ತುಂಡು 90 ಸೆಂಟಿಮೀಟರ್ ಅಂತರದಾಗ ತಂತಿ ಕೆಳಗ ಇಡ್ರಿ. ಕ್ಯಾನಿನೊಳಗ ಸುಮಾರು ಎರಡು ಲೀಟರ್ ನೀರು ಹಾಕಿ ಮೀಟ್ರಿ, ಆಮ್ಯಾಲ ಒಂದೊಂದ ಲೋಟ ಹೆಚ್ಚು ಕಮ್ಮಿ ಮಾಡ್ಕೋತ ಹೋಗ್ರಿ. ಮೊಬೈಲಿನ್ಯಾಗ ಫ್ರೀ ಟ್ಯೂನರ್ ಆ್ಯಪ್ ಸಿಗ್ತಾವ, ಅದರಾಗ 120 ಹರ್ಟ್ಸ್ (ಅಂದ್ರ ತಂತಿ ಸೆಕೆಂಡಿಗೆ 120 ಸಲ ನಡುಗೋದು) ತೋರಿಸೋ ತನಕ ನೀರು ಹೊಂದಿಸ್ರಿ. ಹಲಗಿ ಕೆಳಗ ಖಾಲಿ ತಗಡಿನ ಡಬ್ಬಿ ಬೋರಲು ಇಟ್ರ ದನಿ ಜೋರಾಗ್ತೈತಿ. ತಂತಿ ಹರಿದ್ರ ಮುಖಕ್ಕ ಸಿಡೀತೈತಿ, ಹಂಗಾಗಿ ಮಕ್ಳು ತಂತಿ ಮ್ಯಾಲ ಬಗ್ಗಿ ನೋಡಬಾರ್ದು, ಕ್ಯಾನಿನ ಕೆಳಗ ಕಾಲು ಇಡಬಾರ್ದು, ಈ ಎರಡು ನಿಯಮ ಮೊದ್ಲ ಹೇಳ್ರಿ.

ಈಗ ಮೂರನೇ ತ್ರಿಕೋನ ತುಂಡೊಂದನ್ನ ತಂತಿ ಕೆಳಗ ಸರಿಸ್ಕೋತ ಹೋಗಬೇಕು, ತಂತಿಯನ್ನ ಬಾಳ ಮ್ಯಾಲ ಎತ್ತದಂಗ ಮೆಲ್ಲಕ. 90ಕ್ಕ ಸಿಗೋ ದನಿ ಸಾ. ಪಾ ಎಲ್ಲಿ ಐತಿ ಅಂತ ಹುಡುಕ್ರಿ ಅಂತ ಹಾಡೋ ಹುಡುಗೀರಿಗೆ ಬಿಡ್ರಿ, ಸ್ಕೇಲ್ ನೋಡಬಾರ್ದು, ಕಿವಿಲೇ ಹುಡುಕಬೇಕು. ಅವರು ನಿಲ್ಲಿಸಿದ ಜಾಗ ಅಳದ್ರ 60ರ ಹತ್ರ ಹತ್ರ ಬರ್ತೈತಿ. ಮೇಲಿನ ಸಾ 45ಕ್ಕ, ಮಾ 67.5ಕ್ಕ. ಭಿನ್ನರಾಶಿ ಮಾಡಿಸ್ರಿ: ಅರ್ಧ, ಮೂರರಾಗ ಎರಡು ಪಾಲು, ನಾಕರಾಗ ಮೂರು ಪಾಲು. ಎಲ್ಲಾ ಸ್ವರ ಬೇಕಂದ್ರ ಹಿಂಗ ಗುರುತು ಹಾಕ್ರಿ: ಸಾ 90, ರಿ 80, ಗ 72, ಮ 67.5, ಪ 60, ಧ 54, ನಿ 48, ಸಾ 45.

ಇನ್ನ ಭಿನ್ನರಾಶಿ ಗುಣಾಕಾರ. 6, 7ನೇ ಕ್ಲಾಸಿನ ಮಕ್ಳಿಗೆ ಎರಡು ಭಿನ್ನರಾಶಿ ಯಾಕ ಗುಣಿಸ್ಬೇಕು ಅನ್ನೋದ ತಿಳಿಯಂಗಿಲ್ಲ, ನಿಯಮ ಬಾಯಿಪಾಠ ಮಾಡಿರ್ತಾವ. ಸಾ ದಿಂದ ಪಾ ತನಕ ಹೋದ್ರಿ, ತಂತಿ 2/3 ಉಳೀತು, 60. ಈಗ ಆ ಪಾ ಅನ್ನ ಹೊಸ ಸಾ ಅಂತ ತಿಳ್ಕೊಂಡು ಅಲ್ಲಿಂದ ಮಾ ಹಾಡ್ರಿ, ಅಂದ್ರ 60ರಾಗ 3/4, ಅದು 45. ಬಂದು ನಿಂತಿದ್ದೆಲ್ಲಿ? ಮೇಲಿನ ಸಾ, ಪೂರ್ತಿ ತಂತಿಯ ಅರ್ಧ. 2/3 ಗುಣಿಸು 3/4 ಅಂದ್ರ 1/2. ಕಡಿದ ತುಂಡು ಕೂಡಿಸಿ 1/3 + 1/4 ಅಂತ ಮಾಡಿದ ಮಗು 7/12 ಹೇಳ್ತೈತಿ, ತಪ್ಪಂತ ಬಯ್ಯಬ್ಯಾಡ್ರಿ, 90ರಾಗ 7/12 ಕಡದ್ರ ಉಳಿಯೋದು 37.5, ಅಲ್ಲಿ ತುಂಡು ಇಟ್ಟು ಮೀಟಿಸ್ರಿ. ಅದು ಸಾ ಅಲ್ಲ ಅಂತ ಕ್ಲಾಸಿಗೆ ಕ್ಲಾಸ ಕೂಗ್ತೈತಿ. ಎರಡನೇ ಸಲ ಕಡಿದಿದ್ದು ಪೂರ್ತಿ ತಂತಿಯ ನಾಕನೇ ಒಂದಲ್ಲ, ಉಳಿದಿದ್ದರ ನಾಕನೇ ಒಂದು ಅಂತ ಆ ಮಗುನ ಕಂಡುಹಿಡೀತೈತಿ.

8ನೇ ಕ್ಲಾಸಿನ ವಿಲೋಮ ಅನುಪಾತಕ್ಕೂ ಇದ ಹಲಗಿ. ಸಾ 120 ಹರ್ಟ್ಸ್ ಆದ್ರ ರಿ 135, ಗ 150, ಮ 160, ಪ 180, ಧ 200, ನಿ 225, ಸಾ 240. ಪ್ರತಿ ಸ್ವರದ ಉದ್ದಕ್ಕ ಅದರ ಹರ್ಟ್ಸ್ ಗುಣಿಸಾಕ ಹೇಳ್ರಿ. 90 × 120 ಎಷ್ಟು? 10800. 80 × 135? 10800. 54 × 200? ಮತ್ತ 10800. ಎಂಟೂ ಸ್ವರಕ್ಕ ಅದ ಬರ್ತೈತಿ, ಮೂರನೇದಕ್ಕ ಮಕ್ಕಳ ಮುಖ ನೋಡ್ರಿ. ಆ್ಯಪಿನ್ಯಾಗ ಅಳದಾಗ ಒಂದೆರಡು ಹರ್ಟ್ಸ್ ಆಕಡೆ ಈಕಡೆ ಆಗ್ತೈತಿ, ಅದನ್ನ ಮುಚ್ಚಿಡಬ್ಯಾಡ್ರಿ, ಅಳತಿ ಅಂದ್ರ ಹಂಗ.

ಹೈಸ್ಕೂಲಿನ ದೊಡ್ಡ ಮಕ್ಳಿಗೆ ಇನ್ನೊಂದು: ಕ್ಯಾನಿನ ತೂಕ ನಾಕು ಪಟ್ಟು ಮಾಡಿದ್ರ ಹರ್ಟ್ಸ್ ಎರಡ ಪಟ್ಟು ಆಗ್ತೈತಿ, ನಾಕು ಆಗಂಗಿಲ್ಲ. ಒಂದು ಕೆಜಿಯಿಂದ ನಾಕು ಕೆಜಿಗೆ ಹೋಗ್ರಿ, ಮೇಲಿನ ಸಾ ಬರ್ತೈತಿ. ವರ್ಗಮೂಲ ಅನ್ನೋದು ಕಿವಿಗೆ ಕೇಳೋ ಜಾಗ ಇದು.

ಭಜನಿ ಗುಡಿಯಿಂದ ಹಾರ್ಮೋನಿಯಂ ತಂದು ತಂತಿ ಜೋಡಿ ಹೋಲಿಸಿದ್ರ ಪಾ ಸರಿ ಕೂಡ್ತೈತಿ, ಗಾ ಒಂಚೂರು ಕೂಡಂಗಿಲ್ಲ, ಹಾರ್ಮೋನಿಯಂದು ಸ್ವಲ್ಪ ಮ್ಯಾಲ ಇರ್ತೈತಿ. ಹಾರ್ಮೋನಿಯಂದಾಗ ಒಂದು ಸಾ ದಿಂದ ಮೇಲಿನ ಸಾ ತನಕ 12 ಸಮ ಮೆಟ್ಲು, ಪ್ರತಿ ಮೆಟ್ಲಿಗೆ ಸುಮಾರು 1.0595ರಿಂದ ಗುಣಿಸ್ಬೇಕು, 12 ಸಲ ಗುಣಿಸಿದ್ರ 2. ಆ ಲೆಕ್ಕದಾಗ ಗಾ ಬರೋದು 71.4 ಸೆಂಟಿಮೀಟರಿಗೆ, ನಮ್ಮದು 72. ಅರ್ಧ ಸೆಂಟಿಮೀಟರ್ ಚಿಲ್ಲರೆ ಫರಕು, ಚಲೋ ಕಿವಿ ಇದ್ದ ಮಗು ಹಿಡೀತೈತಿ. ಇದು ಗುಣೋತ್ತರ ಶ್ರೇಢಿಗೆ ಹೊಂದ್ತೈತಿ.

ನಾಕನೇ ಹಂತ: ಕನ್ನಡ ಮೇಷ್ಟ್ರನ್ನ ಕರ್ಕೋರಿ

ಲಘು ಗುರು ಪ್ರಸ್ತಾರ ಮಕ್ಳು ಕನ್ನಡ ಪಿರಿಯಡ್‌ನ್ಯಾಗ ಹಾಕಿರ್ತಾವ. (ಈ ಲಘು ಛಂದಸ್ಸಿಂದು, ಒಂದ ಮಾತ್ರೆ. ತಾಳದ ಲಘು ಬ್ಯಾರೆ, ಎರಡನ್ನ ಕಲಸಬ್ಯಾಡ್ರಿ.) ಲಘು ಒಂದು ಚಪ್ಪಾಳಿ, ಗುರು ಅಂದ್ರ ಚಪ್ಪಾಳಿ ಹೊಡದು ಒಂದು ಎಣಿಕೆ ಸುಮ್ಮನಿರೋದು. ಒಟ್ಟು 1 ಮಾತ್ರೆ ಎಷ್ಟು ನಮೂನಿ ತುಂಬಬಹುದು? 1. ಎರಡು ಮಾತ್ರೆ? 2. ಮೂರು? 3. ನಾಕು? ಮಕ್ಳು 4 ಅಂತಾವ, ಹೊಡೆದು ನೋಡಿದ್ರ 5. ಐದಕ್ಕ 8, ಆರಕ್ಕ 13. ಹಿಂದಿನ ಎರಡು ಕೂಡಿದ್ರ ಮುಂದಿಂದು, ಯಾಕಂದ್ರ ಕಡೀ ಅಕ್ಷರ ಲಘು ಇದ್ರ ಉಳಿದಿದ್ದು ಒಂದು ಮಾತ್ರೆ ಕಮ್ಮಿ, ಗುರು ಇದ್ರ ಎರಡು ಕಮ್ಮಿ. ಇಟಲಿಯ ಫಿಬೊನಾಚಿ 1202ರಾಗ ಮೊಲದ ಲೆಕ್ಕದಾಗ ಇದನ್ನ ಬರದ, ಅದಕ್ಕಿಂತ ಮೊದ್ಲ 1150ರ ಹೊತ್ತಿಗೆ ಹೇಮಚಂದ್ರ, ಅವನಿಗಿಂತ ಬಾಳ ಹಿಂದ ವಿರಹಾಂಕ, ಇಬ್ಬರೂ ಛಂದಸ್ಸಿನ ಸಲುವಾಗಿ ಇದನ್ನ ಕಂಡುಕೊಂಡಿದ್ರು.

ಆಮ್ಯಾಲ ಭಾಮಿನಿ ಷಟ್ಪದಿ. 1, 2, 4, 5ನೇ ಸಾಲು 3+4, 3+4, ಅಂದ್ರ 14 ಮಾತ್ರೆ. 3 ಮತ್ತ 6ನೇ ಸಾಲಿಗೆ ಮೂರು ಸಲ 3+4, ಮ್ಯಾಲ ಒಂದು ಗುರು, 23. ಒಟ್ಟು ಎಷ್ಟು ಅಂತ ಅವರ ಕೂಡಿಸ್ಲಿ, 102 ಬರ್ತೈತಿ. ಮಾನ್ವಿ ಜಗನ್ನಾಥದಾಸರ ಹರಿಕಥಾಮೃತಸಾರ ಇದ ಷಟ್ಪದಿಯೊಳಗ ಐತಿ, ಮನ್ಯಾಗ ಅಜ್ಜಿ ಹೇಳೋದು ಕೇಳಿದ ಮಗು ಇದ್ರ ಒಂದು ಪದ್ಯ ಹೇಳಿಸಿ ಉಳಿದವರು 3+4ಕ್ಕ ಕೈ ತಟ್ಲಿ. ಮ್ಯಾಲ ರೂಪಕ ಹಾಕಿದ್ದ ಕೈಗೆ ಈ 7 ಗುರುತು ಸಿಗ್ತೈತಿ.

ಕರ್ನಾಟಕ ಸಂಗೀತ ಕಲಿಯೋ ಮಗು ಇದ್ರ 72 ಮೇಳಕರ್ತದ (ಮೂಲ ರಾಗಗಳ) ಲೆಕ್ಕ ಹತ್ತು ನಿಮಿಷದಾಗ ಮುಗೀತೈತಿ: ರಿ ಗ ಜೋಡಿ 6 ನಮೂನಿ, ಧ ನಿ ಜೋಡಿ 6, ಮ 2, ಗುಣಿಸಿದ್ರ 72. ರಾಗದ ಹೆಸರಿನ್ಯಾಗೇ ಅದರ ನಂಬರು ಅಡಗೈತಿ, ಕಟಪಯಾದಿ (ಅಕ್ಷರಕ್ಕೊಂದು ಅಂಕಿ ಕೊಡೋ ಪದ್ಧತಿ) ಪ್ರಕಾರ ಮಾಯಾಮಾಳವಗೌಳದ ಮ 5, ಯ 1, ತಿರುವಿ ಓದಿದ್ರ 15ನೇ ಮೇಳ. ಮಕ್ಳು ತಮ್ಮ ಹೆಸರಿನ ನಂಬರ್ ತಗೀತಾವ, ತಗೀಲಿ ಬಿಡ್ರಿ.

ಹೊರಗ ಕರ್ಕೊಂಡು ಹೋಗೋದಾದ್ರ

ಗಂಗಾವತಿ ತಾಲೂಕಿನ ಹಿರೇಬೆಣಕಲ್ ಗುಡ್ಡದ ಮ್ಯಾಲ ಶಿಲಾಗೋರಿಗಳ ಹತ್ರ ಬಂಡೆಗಲ್ಲಿನ ಮ್ಯಾಲ ಒಂದು ನಗಾರಿ ಕಲ್ಲು ಐತಿ, ಬಳ್ಳಾರಿ ಹತ್ರ ಸಂಗನಕಲ್ಲು ಕುಪ್ಪಗಲ್ಲು ಗುಡ್ಡದಾಗ ಬಡಿದ್ರ ಗಣಗಣ ಅನ್ನೋ ಕರಿ ಕಲ್ಲು ಅದಾವ, ಬಡದು ಬಡದು ಅವುಗಳ ಮ್ಯಾಲ ಕುಳಿ ಬಿದ್ದಾವ, ನವಶಿಲಾಯುಗದ ಮಂದಿ ಇದ್ದ ಜಾಗ ಅದು. ನಮ್ಮ ಸೀಮಿಯಾಗ ಬರವಣಿಗಿ ಬರೋಕ್ಕಿಂತ ಮೊದ್ಲ ತಾಳ ಇತ್ತು ಅನ್ನೋದು ಅಲ್ಲಿ ನಿಂತಾಗ ಮಕ್ಳಿಗೆ ತಟ್ತೈತಿ. ಹಂಗಂತ ಬಡಿಯಾಕ ಬಿಡಬ್ಯಾಡ್ರಿ, ಹಂಪಿ ವಿಠ್ಠಲ ಗುಡಿಯ 56 ಕಂಬ ಮುಟ್ಟಿ ಬಾರಿಸಬಾರ್ದು ಅಂತ ತಡದಿದ್ದೂ ಮಂದಿ ಬಡದು ಹಾಳು ಮಾಡ್ತಾರ ಅನ್ನೋ ಕಾರಣಕ್ಕ. ಅಲ್ಲಿ ನೋಡಬೇಕು, ಕಲ್ಲಿನ ಉದ್ದ ದಪ್ಪ ಬದಲಾದ್ರ ದನಿ ಯಾಕ ಬದಲಾಗ್ತೈತಿ ಅಂತ ಮಾತಾಡಬೇಕು, ಬಡಿಯೋದಕ್ಕ ಸಾಲಿಗೆ ಬಂದು ಹಲಗಿ ತಂತಿ ಐತಿ.

ಪರೀಕ್ಷೆ, ಮತ್ತ ಕೆಲವು ಎಚ್ಚರಿಕೆ

ಹಾಡಿಗೆ ಮಾರ್ಕ್ಸ್ ಕೊಡಬ್ಯಾಡ್ರಿ, ಹಾಡಾಕ ನಾಚೋ ಮಗು ಗಣಿತದಾಗೂ ಹಿಂದ ಬೀಳ್ತೈತಿ. ಎಣಿಸೋದು, ಅಳಿಯೋದು, ಬರಿಯೋದು, ನೀರು ಹಾಕೋದು, ಎಲ್ಲಾ ಕೆಲಸಾನ. ಪದ ಆರಿಸುವಾಗ ಭಜನಿನೂ ಇರ್ಲಿ, ಮೊಹರಂ ಪದನೂ ಇರ್ಲಿ, ಬೀಸೋಕಲ್ಲಿನ ಪದನೂ ಇರ್ಲಿ, ಯಾವ ಮನಿಯ ಮಗುಗೂ ಇದು ನಂದಲ್ಲ ಅನಿಸಬಾರ್ದು. ಸಂಗೀತ ಕೇಳಿದ್ರ ಬುದ್ಧಿ ಹೆಚ್ಚಾಗ್ತೈತಿ ಅಂತ ತಂದೆ ತಾಯಿಗೆ ಮಾತು ಕೊಡಬ್ಯಾಡ್ರಿ, 1993ರಾಗ ಮೊಜಾರ್ಟ್ ಸಂಗೀತದ ಬಗ್ಗೆ ಬಂದ ಅಧ್ಯಯನ ಕಾಲೇಜ್ ಹುಡುಗರ ಮ್ಯಾಲ ಆಗಿದ್ದು, ಸಿಕ್ಕ ಲಾಭ ಹತ್ತು ಹದಿನೈದು ನಿಮಿಷದ್ದು. ಇಲ್ಲಿ ಮಗು ಲೆಕ್ಕ ಕಲಿಯೋದು ಲೆಕ್ಕ ಮಾಡಿದ್ದಕ್ಕ.

ಪ್ರತಿ ಪಿರಿಯಡ್ ಕಡೀ ಹತ್ತು ನಿಮಿಷ ನೋಟ್‌ಬುಕ್ಕಿಗೆ ಇಟ್ಕೋರಿ, ಇದು ತಪ್ಪಬಾರ್ದು. ಹೊಡೆದಿದ್ದು, ಅಳೆದಿದ್ದು ಸಂಖ್ಯೆಯಾಗಿ ಬರೀಬೇಕು, ಅದರ ಕೆಳಗ ಅದ ನಮೂನಿದು ಪಠ್ಯಪುಸ್ತಕದ ಎರಡು ಲೆಕ್ಕ ಬಿಡಿಸ್ಬೇಕು. ಬರೀದಿದ್ರ ಮರುದಿನ ಚಪ್ಪಾಳಿ ನೆನಪಿರ್ತೈತಿ, ಲಸಾಅ ಇರಂಗಿಲ್ಲ.

ಕ್ಲಾಸ್ ಮುಗಿದ ಮ್ಯಾಲ ಕ್ಯಾನು ಬಿಚ್ಚಿ ನೀರು ಗಿಡಕ್ಕ ಹಾಕ್ರಿ, ತಂತಿಗೆ ಒಂದು ಹನಿ ಕೊಬ್ರಿ ಎಣ್ಣಿ ಒರೆಸಿ ಸುತ್ತಿಡ್ರಿ, ತುಕ್ಕು ಹಿಡದ್ರ ದನಿ ಕೆಡ್ತೈತಿ. ಹಲಗಿ ಮ್ಯಾಲ ಮಕ್ಳು ಪೆನ್ಸಿಲ್ಲಿಂದ ಹಾಕಿದ ಗುರುತು ಅಳಿಸಿ ಇಡ್ರಿ, ಮುಂದಿನ ಕ್ಲಾಸಿನವರೂ ಕಿವಿಲೇ ಹುಡುಕಬೇಕಲ್ಲ.